ದೋರ್ನಾಲದಲ್ಲಿ ಒಂದು ರಾತ್ರಿ

ಮನುಷ್ಯನಿಗೆ ತನ್ನ ಸ್ವಭಾವದ ನಿಜವಾದ ಪರಿಚಯವಾಗುವುದು ಮನೆಯಿಂದ ದೂರ ಹೋದಾಗ. ಊರಿನಲ್ಲಿರುವಷ್ಟು ದಿನ ನಾಲ್ಕು ಜನರ ಗುರುತು, ನೌಕರಿಯ ಮರ್ಯಾದೆ, ಬಂಧುಬಳಗದ ಆಸರೆ ಇವೆಲ್ಲ ಸೇರಿ ನಮ್ಮನ್ನು ಸಜ್ಜನರನ್ನಾಗಿ ಇರಿಸಿರುತ್ತವೆ. ಅವುಗಳನ್ನೆಲ್ಲ ಬಿಟ್ಟು, ಕಾಣದ ಸೀಮೆಯ ರಸ್ತೆಯ ಬದಿಯಲ್ಲಿ, ಕೆಟ್ಟು ನಿಂತ ಗಾಡಿಯ ಪಕ್ಕದಲ್ಲಿ ನಿಂತಾಗ ಒಳಗಿದ್ದುದೇ ಹೊರಗೆ ಬರುತ್ತದೆ. 1997ರ ಜನವರಿಯಲ್ಲಿ ನಮ್ಮ ಕುಟುಂಬವು ಶ್ರೀಶೈಲ ಯಾತ್ರೆಗೆ ಹೊರಟಾಗ ನಡೆದ ಸಂಗತಿಯೊಂದನ್ನು ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ. ಬರೆಯುವಾಗ ವಾಡಿಕೆಯಂತೆ 'ನಾವು' ಎನ್ನುತ್ತಿದ್ದೇವೆಯಾದರೂ, ಇದರಲ್ಲಿ ಬರುವ ತಪ್ಪಿನಲ್ಲಿ ಮನೆಯ ಉಳಿದವರ ಪಾಲು ಏನೂ ಇರಲಿಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮ ತಾಯಿಯವರಿಗೆ ಆಗ ಎಪ್ಪತ್ತಾರು ವರ್ಷ. ಅವರ ತಂದೆ, ಅಂದರೆ ನಮ್ಮ ಅಜ್ಜನವರು, ಪ್ರಾಯದಲ್ಲಿ ಮಲ್ಲಯ್ಯನ ಕಂಬಿಯೊಂದಿಗೆ ಕಾಲ್ನಡಿಗೆಯಲ್ಲಿ ಶ್ರೀಶೈಲಕ್ಕೆ ಹೋಗಿಬಂದವರು. ಉತ್ತರ ಕರ್ನಾಟಕದ ಊರೂರುಗಳಿಂದ ಯುಗಾದಿಯ ಮುನ್ನ ಭಕ್ತರು ತಂಡತಂಡವಾಗಿ ನಡೆದು, ಆತ್ಮಕೂರಿನ ಕಡೆಯಿಂದ ನಲ್ಲಮಲ ಅರಣ್ಯವನ್ನು ಹೊಕ್ಕು, ನಾಗಲೂಟಿ, ಪೆದ್ದಚೆರುವು, ಭೀಮುನಿಕೊಳನು ದಾಟಿ, ಕೈಲಾಸದ್ವಾರದ ಮೆಟ್ಟಿಲುಗಳನ್ನೇರಿ ಮಲ್ಲಿಕಾರ್ಜುನನ ಸನ್ನಿಧಿಯನ್ನು ಸೇರುವ ಪರಂಪರೆ ಇಂದಿಗೂ ನಡೆದುಬಂದಿದೆ. ಅಜ್ಜನವರು ಆ ಕಾಡಿನ ಹಾದಿಯ ಕಥೆಗಳನ್ನು ಹೇಳುವಾಗ ತಾಯಿಯವರು ಚಿಕ್ಕ ಹುಡುಗಿಯಾಗಿ ಕೇಳಿದ್ದರಂತೆ. "ಒಂದ್ ಸರ್ತಿ ನನಗೂ ಮಲ್ಲಯ್ಯನ ಬೆಟ್ಟಾ ತೋರಸ್ರೆಪಾ" ಎಂಬ ಅವರ ಬೇಡಿಕೆ ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ಹಳೆಯದಾಗಿತ್ತು. ಎರಡು ವರ್ಷಗಳ ಹಿಂದೆ ಹಳೆಯ ಕಾರೊಂದನ್ನು ಕೊಂಡಿದ್ದೆವು. ಆದ್ದರಿಂದ ಆ ಸಲ ಸಂಕ್ರಮಣ ಮುಗಿದ ಕೂಡಲೇ ಹೊರಡುವುದೆಂದು ನಿಶ್ಚಯವಾಯಿತು. ಶಾಲೆಯ ಮಾಸ್ತರಿಕೆಯಲ್ಲಿದ್ದ ನಮಗೆ ದೊರೆತ ರಜೆ ನಾಲ್ಕೇ ದಿನ.

ಹೊರಡುವ ಹಿಂದಿನ ದಿನ ಗಾಡಿಯನ್ನು ಧಾರವಾಡದಲ್ಲಿ ನಮ್ಮ ಓಣಿಯ ಮಿಸ್ತ್ರಿಯವರಿಗೆ ತೋರಿಸಿದೆವು. ವಯಸ್ಸಾದ, ಮಾತು ಕಡಿಮೆಯ ಮನುಷ್ಯ. ಬಾನೆಟ್ ತೆರೆದು, ಗಾಡಿಯನ್ನು ಚಾಲೂ ಮಾಡಿಸಿ, ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಅದರ ಹಿಡಿಕೆಗೆ ಕಿವಿ ಹಚ್ಚಿ ಕೇಳಿದರು. ಆಮೇಲೆ ಹೇಳಿದರು: "ಸಾಹೇಬರ, ನೀರಿನ ಪಂಪ್ ಹನಿಸಾಕತ್ತೈತ್ರಿ. ಬೇರಿಂಗೂ ಸಪ್ಪಳಾ ಮಾಡತೈತಿ. ಎರಡು ದಿನಾ ಗಾಡಿ ಬಿಡ್ರಿ, ಹೊಸಾದು ಹಾಕಿ ಕೊಡತೇನಿ. ಹಾದಿ ದೂರದ್ದು, ಮ್ಯಾಲೆ ಘಾಟ್ ಬ್ಯಾರೆ ಐತಿ."

ಎರಡು ದಿನ ಬಿಟ್ಟರೆ ರಜೆಯೇ ಮುಗಿಯುತ್ತಿತ್ತು. ಅದೂ ಅಲ್ಲದೆ ನಮ್ಮ ಮನಸ್ಸಿನಲ್ಲಿ ಬೇರೊಂದು ಮಾತೂ ಸುಳಿಯಿತು. ಗಾಡಿ ಚೆನ್ನಾಗಿಯೇ ಓಡುತ್ತಿದೆ, ನಾಲ್ಕು ಹನಿ ನೀರು ಸೋರಿದರೆ ಏನಾದೀತು, ಕೆಲಸ ಹುಟ್ಟಿಸಿಕೊಳ್ಳುವುದು ಇವರ ಸ್ವಭಾವವೇ ಅಲ್ಲವೆ ಎಂದುಕೊಂಡೆವು. "ಬಂದ ಮೇಲೆ ನೋಡೋಣ" ಎಂದು ಹೇಳಿ, ರೇಡಿಯೇಟರಿಗೆ ನೀರು ತುಂಬಿಸಿಕೊಂಡು ಮನೆಗೆ ಬಂದೆವು. ಮಿಸ್ತ್ರಿಯವರು ಮತ್ತೊಂದು ಮಾತು ಆಡಲಿಲ್ಲ.

ಮೊದಲ ದಿನ ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆಗಳ ಮೇಲೆ ಹಾಯ್ದು ಬಳ್ಳಾರಿಯಲ್ಲಿ ಬಂಧುಗಳ ಮನೆಯಲ್ಲಿ ಉಳಿದುಕೊಂಡೆವು. ಮರುದಿನ ಬೆಳಕು ಹರಿಯುವ ಮುನ್ನವೇ ಹೊರಟು ಕರ್ನೂಲನ್ನು ಸೇರಿದೆವು. ಅಲ್ಲಿ ನೋಡಿದಾಗ ರೇಡಿಯೇಟರಿನ ನೀರು ಕೆಳಗಿಳಿದಿತ್ತು. ಎರಡು ತಂಬಿಗೆ ತುಂಬಿದೆವು. ನಂದಿಕೊಟ್ಕೂರಿನಲ್ಲಿ ಮತ್ತೆ ಎರಡು ತಂಬಿಗೆ ಹಿಡಿಯಿತು. ಇಷ್ಟು ಸಮೀಪದಲ್ಲಿ ಮತ್ತೆ ನೀರು ಬೇಡುವುದೆಂದರೆ ಗಾಡಿ ಏನನ್ನೋ ಹೇಳುತ್ತಿದೆಯೆಂದು ಅರಿಯಬೇಕಿತ್ತು. ಆತ್ಮಕೂರಿನಲ್ಲಿ ಗ್ಯಾರೇಜುಗಳಿದ್ದವು; ನಿಲ್ಲಿಸಬಹುದಾಗಿತ್ತು. ಆದರೆ ಸಂಜೆಯೊಳಗೆ ಶ್ರೀಶೈಲ ಮುಟ್ಟಬೇಕೆಂಬ ಆತುರ ನಮ್ಮನ್ನು ಮುಂದಕ್ಕೆ ತಳ್ಳಿತು.

ಆತ್ಮಕೂರು ದಾಟಿದ ಮೇಲೆ ಕರ್ನೂಲಿನಿಂದ ಗುಂಟೂರಿಗೆ ಹೋಗುವ ಆ ರಸ್ತೆ ನಲ್ಲಮಲದ ಕಾಡಿನೊಳಗೆ ಸಾಗುತ್ತದೆ. ಎರಡೂ ಬದಿಗೆ ಮರ, ಬಿದಿರು, ನಡುವೆ ಏರಿಳಿವಿನ ಹಾದಿ. ಮಕ್ಕಳು ಹುಲಿಯ ಮಾತನ್ನಾಡುತ್ತಿದ್ದರು. ತಾಯಿಯವರು ಕಿಟಕಿಯಾಚೆ ದಿಟ್ಟಿಸುತ್ತ, "ನಮ್ಮಪ್ಪ ಇಂಥಾ ಅಡವ್ಯಾಗ ನಡಕೊಂಡು ಹೋಗಿದ್ನಲ್ಲಾ" ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುತ್ತಿದ್ದರು. ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಏರು ಹತ್ತುವಾಗ ಮುಂದಿನಿಂದ ಕಬ್ಬಿಣ ಕಬ್ಬಿಣವನ್ನು ತಿನ್ನುವಂತಹ ಕರ್ಕಶ ಸದ್ದು ಕೇಳಿಸಿತು. ಉಷ್ಣತೆ ತೋರಿಸುವ ಮುಳ್ಳು ಕೆಂಪು ಗೆರೆಯನ್ನು ದಾಟಿತ್ತು. ಬಾನೆಟ್ಟಿನ ಸಂದಿಯಿಂದ ಬಿಳಿಯ ಉಗಿ ಏಳತೊಡಗಿತು. ಗಾಡಿಯನ್ನು ಬದಿಗೆ ಹಚ್ಚಿ ನಿಲ್ಲಿಸಿದೆವು. ಎಂಜಿನ್ ನಿಂತ ಮೇಲೆ ಆ ಕಾಡಿನ ನಿಶ್ಶಬ್ದವು ನಮ್ಮೆಲ್ಲರನ್ನೂ ಒಮ್ಮೆಲೇ ಆವರಿಸಿತು.

ಗಾಡಿಯ ಒಳಗುಟ್ಟು ಅರಿಯದವರಿಗಾಗಿ ಎರಡು ಮಾತು ಹೇಳಬೇಕು. ಎಂಜಿನ್ನಿನೊಳಗೆ ಇಂಧನ ಉರಿದು ಹುಟ್ಟುವ ಕಾವನ್ನು ಹೊರಗೆ ಸಾಗಿಸಲು ಅದರ ಸುತ್ತ ನೀರು ಹರಿಯುತ್ತಿರುತ್ತದೆ. ಕಾದ ನೀರು ಮುಂಭಾಗದ ರೇಡಿಯೇಟರಿಗೆ ಬಂದು, ಗಾಳಿಗೆ ತಣಿದು, ಮತ್ತೆ ಒಳಗೆ ಹೋಗುತ್ತದೆ. ಈ ನೀರನ್ನು ತಿರುಗಿಸುವುದೇ ನೀರಿನ ಪಂಪು. ಹಳೆಯ ಗಾಡಿಗಳಲ್ಲಿ ಒಂದೇ ಬೆಲ್ಟು ಪಂಪನ್ನೂ ವಿದ್ಯುತ್ತು ಹುಟ್ಟಿಸುವ ಡೈನಮೋವನ್ನೂ ತಿರುಗಿಸುತ್ತಿತ್ತು. ಗಾಳಿ ಎಳೆಯುವ ಫ್ಯಾನು ಪಂಪಿನ ಅಚ್ಚಿನ ತುದಿಗೇ ಕೂಡಿರುತ್ತಿತ್ತು. ಪಂಪಿನ ಬೇರಿಂಗು ಸವೆದರೆ ಅಚ್ಚು ಅಲುಗಾಡುತ್ತದೆ. ಅಚ್ಚು ಅಲುಗಿದರೆ ನೀರು ತಡೆಯುವ ಸೀಲು ಹರಿಯುತ್ತದೆ. ನೀರು ಹೋದರೆ ಎಂಜಿನ್ನು ಬೇಯುತ್ತದೆ. ಅಂಗೈಯಷ್ಟು ದೊಡ್ಡ ಭಾಗವೊಂದು ಕೈಕೊಟ್ಟರೆ ಒಂದು ಗಾಡಿಯೂ ಅದರಲ್ಲಿರುವ ಐದು ಜೀವಗಳೂ ನಡುಗಾಡಿನಲ್ಲಿ ನಿಲ್ಲುತ್ತವೆ.

ಗಾಬರಿಯಲ್ಲಿ ನಾವು ಕೈಗೆ ಟವೆಲ್ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತೆರೆಯಲು ಹೋದೆವು. ತಾಯಿಯವರು ಕುಳಿತಲ್ಲಿಂದಲೇ ಗದರಿದರು: "ತಮ್ಮಾ, ಕುದಿಯೂ ಗಡಗೀ ಮುಚ್ಚಳಾ ಹಂಗ ಥಟ್ನ ತಗೀತಾರೇನು? ಮಾರಿ ಸುಡತೈತಿ, ಬಿಡು." ಮಗನು ಕುಡಿಯುವ ನೀರಿನ ಬಾಟಲಿಯನ್ನು ಎಂಜಿನ್ನಿನ ಮೇಲೆ ಸುರಿಯಲು ಹೋದಾಗಲೂ ಅವರೇ ತಡೆದರು: "ಕಾದ ಹಂಚಿಗೆ ತಣ್ಣೀರ ಗೊಜ್ಜಿದ್ರ ಸೀಳ್ತೈತಿ." ಜೀವನದಲ್ಲಿ ಒಮ್ಮೆಯೂ ಗಾಡಿಯ ಚಕ್ರ ಹಿಡಿಯದ ಅವರು ಅಡುಗೆಮನೆಯ ಅನುಭವದಿಂದ ಆಡಿದ ಆ ಎರಡೂ ಮಾತುಗಳು ಅಕ್ಷರಶಃ ಸರಿಯಾದವು. ಒತ್ತಡದಲ್ಲಿರುವ ಬಿಸಿನೀರು ಮುಚ್ಚಳ ತೆಗೆದೊಡನೆ ಮುಖಕ್ಕೆ ಚಿಮ್ಮುತ್ತದೆ. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಆ ಮೇಲೆ ನಾವು ಸುಮ್ಮನೆ ನೆರಳಿನಲ್ಲಿ ಕುಳಿತೆವು. ಬುತ್ತಿ ಬಿಚ್ಚಿ ಮಕ್ಕಳಿಗೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು ನಮ್ಮ ಮನೆಯವರು. ನಮಗೆ ಮಾತ್ರ ತುತ್ತು ಇಳಿಯಲಿಲ್ಲ. ಆ ವರ್ಷಗಳಲ್ಲಿ ನಲ್ಲಮಲದ ಹೆಸರು ನಕ್ಸಲೀಯರ ಸುದ್ದಿಯೊಂದಿಗೆ ಪತ್ರಿಕೆಗಳಲ್ಲಿ ಆಗಾಗ ಬರುತ್ತಿತ್ತು. ಕೈಯಲ್ಲಿ ಮೊಬೈಲು ಇಲ್ಲದ ಕಾಲ. ಕತ್ತಲಾದರೆ ಏನು ಗತಿ ಎಂಬ ಚಿಂತೆ ಒಂದಾದರೆ, ಮಿಸ್ತ್ರಿಯವರ ಮಾತನ್ನು ಮನೆಯವರ ಮುಂದೆ ಹೇಳಿರಲಿಲ್ಲವೆಂಬ ಅಳುಕು ಇನ್ನೊಂದು.

ಎರಡು ಲಾರಿಗಳು ನಿಲ್ಲದೆ ಹೋದವು. ಮೂರನೆಯದು ನಿಂತಿತು. ಚಾಲಕನಿಗೆ ತೆಲುಗು ಬಿಟ್ಟು ಬೇರೆ ಭಾಷೆ ಬಾರದು. ಆದರೆ ಉಗಿ ಕಂಡವನಿಗೆ ಭಾಷೆ ಬೇಕಾಗಲಿಲ್ಲ. ದಪ್ಪ ಹಗ್ಗದಿಂದ ನಮ್ಮ ಗಾಡಿಯನ್ನು ತನ್ನ ಲಾರಿಗೆ ಕಟ್ಟಿ, ನಿಧಾನವಾಗಿ ಎಳೆದುಕೊಂಡು, ಕಾಡಿನಾಚೆ ಆಗಿನ ಪ್ರಕಾಶಂ ಜಿಲ್ಲೆಯ ದೋರ್ನಾಲದವರೆಗೆ ತಂದು ಬಿಟ್ಟ. ಶ್ರೀಶೈಲದ ಘಾಟ್ ರಸ್ತೆ ಗುಂಟೂರಿನ ರಸ್ತೆಯಿಂದ ಕವಲೊಡೆಯುವುದು ಅಲ್ಲಿಯೇ. ಅಲ್ಲಿಂದ ಮಲ್ಲಯ್ಯನ ಬೆಟ್ಟ ಸುಮಾರು 50 ಕಿಲೋಮೀಟರು. ಲಾರಿಯ ಚಾಲಕನಿಗೆ ಐವತ್ತು ರೂಪಾಯಿ ಕೊಟ್ಟೆವು. ಸಂತೋಷದಿಂದ ತೆಗೆದುಕೊಂಡು, ಒಂದು ಗ್ಯಾರೇಜಿನ ಮುಂದೆ ನಮ್ಮನ್ನು ನಿಲ್ಲಿಸಿ ಹೋದ.

ಗ್ಯಾರೇಜೆಂದರೆ ಒಂದು ತಗಡಿನ ಶೆಡ್ಡು. ಅದರ ಹಿಂದೆಯೇ ಮನೆ. ಮಿಸ್ತ್ರಿಗೆ ನಲವತ್ತರ ಆಸುಪಾಸು. ಹುಡುಗನಾಗಿದ್ದಾಗ ಬಳ್ಳಾರಿಯಲ್ಲಿ ಕೆಲಸ ಕಲಿತವರಾದ್ದರಿಂದ ಕನ್ನಡ ಬರುತ್ತಿತ್ತು. ಅದನ್ನು ಕೇಳಿ ನಮಗೆ ಹೋದ ಜೀವ ಬಂದಂತಾಯಿತು. ಅವರು ಫ್ಯಾನಿನ ರೆಕ್ಕೆಯನ್ನು ಎರಡು ಬೆರಳಿನಿಂದ ಹಿಡಿದು ಅಲ್ಲಾಡಿಸಿದರು. ಅದು ಸಡಿಲಾದ ಹಲ್ಲಿನಂತೆ ಅಲುಗಿತು. "ಪಂಪು ಮುಗಿದಿದೆ ಸಾರ್. ಇನ್ನೂ ಹತ್ತು ನಿಮಿಷ ಓಡಿಸಿದ್ದರೆ ಈ ರೆಕ್ಕೆ ರೇಡಿಯೇಟರನ್ನೇ ಕೊಯ್ದುಬಿಡುತ್ತಿತ್ತು. ನೋಡಿ, ಗೆರೆ ಬಿದ್ದಿದೆ" ಎಂದು ತೋರಿಸಿದರು. ನಿಜ, ರೇಡಿಯೇಟರಿನ ಮುಖದ ಮೇಲೆ ಹೊಳೆಯುವ ಅರ್ಧ ಚಂದ್ರಾಕಾರದ ಗೀಚು ಇತ್ತು.

ಒಂದು ತಾಸಿನೊಳಗೆ ಪಂಪನ್ನು ಬಿಚ್ಚಿ ತೆಗೆದರು. ಹೊಸ ಪಂಪು ದೋರ್ನಾಲದಲ್ಲಿ ಸಿಗುವಂಥದಲ್ಲ. ಮಾರ್ಕಾಪುರಕ್ಕೆ ಹೋಗಿ ತರಬೇಕು. ಶಾಲೆಯ ಪಾಟಿಗೆ ಹೆಸರಾದ ಊರದು. ನಮ್ಮ ನಾಡಿನ ಎಷ್ಟು ಮಕ್ಕಳು ಆ ಕಡೆಯ ಕಲ್ಲಿನ ಮೇಲೆ ಅಕ್ಷರ ತಿದ್ದಿದ್ದಾರೋ! ಮಿಸ್ತ್ರಿಯವರ ಕೈಕೆಳಗೆ ಹದಿನಾರು ಹದಿನೇಳರ ಹುಡುಗನೊಬ್ಬನಿದ್ದ. ಹಳೆಯ ಪಂಪನ್ನು ಅಳತೆಗಾಗಿ ಚೀಲದಲ್ಲಿ ಹಾಕಿಕೊಂಡು ಐದೂವರೆಯ ಬಸ್ಸಿಗೆ ಅವನು ಹೋಗುವುದೆಂದೂ, ತಿರುಗಿ ಬರುವ ಬಸ್ಸು ರಾತ್ರಿ ಸಿಗದಿದ್ದರೆ ಬೆಳಗಿನ ಮೊದಲ ಬಸ್ಸಿಗೆ ಬರುವನೆಂದೂ ಹೇಳಿದರು. ಅದಕ್ಕಾಗಿ ಎಂಟುನೂರು ರೂಪಾಯಿ ಬೇಕಿತ್ತು.

ಆಗಿನ ಕಾಲಕ್ಕೆ ಅದು ನಮಗೆ ಸಣ್ಣ ಮೊತ್ತವಲ್ಲ. ಜೇಬಿನಲ್ಲಿ ಇದ್ದುದೇ ಎರಡು ಸಾವಿರದ ಚಿಲ್ಲರೆ. ನೋಟು ಎಣಿಸುವಾಗ ಕೈ ತಡವರಿಸಿತು. ಹರಕು ಅಂಗಿಯ ಹುಡುಗ, ಪರಸ್ಥಳ, ಗಾಡಿ ಬಿಚ್ಚಿ ಹರವಿ ಕುಳಿತ ಸ್ಥಿತಿ. ಮನಸ್ಸಿನಲ್ಲಿದ್ದುದು ಬಾಯಿಗೆ ಬಂದುಬಿಟ್ಟಿತು: "ಹುಡುಗ ಬರದೇ ಹೋದರೆ ನಾವೇನು ಮಾಡಬೇಕು?"

ಮಿಸ್ತ್ರಿಯವರು ನಮ್ಮ ಮುಖವನ್ನು ಒಂದು ಕ್ಷಣ ನೋಡಿದರು. ಕೋಪಿಸಿಕೊಳ್ಳಲಿಲ್ಲ. ಪಾನಾಗಳನ್ನೆಲ್ಲ ಒರೆಸಿ ಒಳಗಿಟ್ಟು, ಶೆಡ್ಡಿನ ಬಾಗಿಲೆಳೆದು ಬೀಗ ಹಾಕಿ, ಆ ಕೀಲಿಯನ್ನು ನಮ್ಮ ಮುಂದೆ ಹಿಡಿದರು. "ನನ್ನ ಸಾಮಾನೆಲ್ಲ ಒಳಗಿದೆ ಸಾರ್. ಎಂಟುನೂರಕ್ಕಿಂತ ಹೆಚ್ಚಿನದೇ ಇದೆ. ಹುಡುಗ ಬರುವತನಕ ಕೀಲಿ ನಿಮ್ಮ ಹತ್ತಿರ ಇರಲಿ" ಎಂದರು.

ಛೇ, ಬೇಡ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಕೀಲಿಯನ್ನು ತೆಗೆದುಕೊಂಡು ಜೇಬಿಗೆ ಹಾಕಿಕೊಂಡೆವು. ತಾಯಿಯವರು ಕಟ್ಟೆಯ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದರು.

ಸಂಜೆಯಾಯಿತು. ಹೆಂಗಸರೂ ಮಕ್ಕಳೂ ಇರುವುದರಿಂದ ತಮ್ಮ ಮನೆಯಲ್ಲಿಯೇ ಉಳಿಯಬೇಕೆಂದು ಮಿಸ್ತ್ರಿಯವರು ಒತ್ತಾಯಿಸಿದರು. ನಾವು ತಾಯಿಯವರಿಗೆ ಬೇರೊಂದು ಸಲಹೆ ಕೊಟ್ಟೆವು: ಬೆಳಿಗ್ಗೆ ಶ್ರೀಶೈಲಕ್ಕೆ ಹೋಗುವ ಬಸ್ಸಿನಲ್ಲಿ ಅವರು ಸೊಸೆ, ಮೊಮ್ಮಕ್ಕಳೊಂದಿಗೆ ಮುಂದೆ ಹೋಗಲಿ, ಗಾಡಿ ಸರಿಯಾದ ಮೇಲೆ ನಾವು ಬಂದು ಕೂಡಿಕೊಳ್ಳುತ್ತೇವೆ. ತಾಯಿಯವರು ಒಪ್ಪಲಿಲ್ಲ. "ಕೂಡಿ ಹೊಂಟೇವಿ, ಕೂಡೇ ಮುಟ್ಟೋಣು. ಮಲ್ಲಯ್ಯ ಎಲ್ಲೂ ಓಡಿ ಹೋಗಂಗಿಲ್ಲ" ಎಂದರು. ಆಮೇಲೆ ಮಿಸ್ತ್ರಿಯವರ ಹೆಂಡತಿಯ ಕಡೆಗೆ ತಿರುಗಿ, ಪೂಜೆಗೆ ಒಂದು ತಂಬಿಗೆ ನೀರು, ಕೂಡಲು ಒಂದಿಷ್ಟು ಜಾಗ ಕೇಳಿದರು. ಆ ತಾಯಿಗೆ ಕನ್ನಡ ಬಾರದು, ನಮ್ಮ ತಾಯಿಯವರಿಗೆ ತೆಲುಗು ಬಾರದು. ಆದರೂ ಆಕೆ ಪಡಸಾಲೆಯ ಮೂಲೆಯನ್ನು ನೀರು ಹಾಕಿ ತೊಳೆದು, ನಾಲ್ಕೆಳೆಯ ರಂಗೋಲಿ ಹಾಕಿ, ಬೆಳಗಿಟ್ಟ ತಂಬಿಗೆಯಲ್ಲಿ ನೀರು ತಂದಿಟ್ಟರು. ತಾಯಿಯವರು ಎಂದಿನಂತೆ ವಿಭೂತಿ ಧರಿಸಿ, ಅಂಗೈಯ ಮೇಲೆ ಇಷ್ಟಲಿಂಗವನ್ನಿಟ್ಟು ಪೂಜೆಗೆ ಕುಳಿತರು. ಗ್ರೀಸಿನ ವಾಸನೆ, ರಸ್ತೆಯ ಮೇಲೆ ಹಾಯುವ ಲಾರಿಗಳ ಸದ್ದು ಯಾವುದೂ ಅವರ ಮುಖದ ಶಾಂತಿಯನ್ನು ಕದಲಿಸಲಿಲ್ಲ. ಶ್ರೀಶೈಲ ತಪ್ಪಿತೆಂದು ದಿನವೆಲ್ಲ ಕಳವಳಿಸಿದ್ದವರು ನಾವು. ಅದಕ್ಕಾಗಿ ಇಪ್ಪತ್ತು ವರ್ಷ ಕಾದಿದ್ದವರಲ್ಲಿ ಯಾವ ಕಳವಳವೂ ಕಾಣಲಿಲ್ಲ.

ಊಟದ ಹೊತ್ತಿಗೆ ನಮಗೆ ಇನ್ನೊಂದು ಸಂಕೋಚ ಎದುರಾಯಿತು. ಯಾರ ಮನೆಯೋ, ಯಾವ ಅಡುಗೆಯೋ ಎಂದು ಹಿಂದುಮುಂದು ನೋಡುತ್ತಿದ್ದುದನ್ನು ಮಿಸ್ತ್ರಿಯವರೇ ಅರಿತು, "ಇವತ್ತು ಅನ್ನ, ಪಪ್ಪು, ಮಜ್ಜಿಗೆ ಅಷ್ಟೇ ಸಾರ್. ಬೇರೇನೂ ಮಾಡಿಲ್ಲ" ಎಂದರು. ನಾವು ಉತ್ತರಿಸುವ ಮುನ್ನವೇ ತಾಯಿಯವರು ಎಲೆಯ ಮುಂದೆ ಕುಳಿತಿದ್ದರು. ಮೆಲ್ಲಗೆ ನಮಗಷ್ಟೇ ಕೇಳಿಸುವಂತೆ, "ಕರದು ಅನ್ನಾ ನೀಡೋರನ್ನ ನೀವ್ಯಾರಂತ ಕೇಳೂದು ನಮ್ಮ ಮನಿ ರೀತಿ ಅಲ್ಲ, ತಮ್ಮಾ" ಎಂದರು. ಬಸವಾದಿ ಶರಣರ ಹೆಸರನ್ನು ವೇದಿಕೆಗಳ ಮೇಲೆ ಹೇಳುವವರು ನಾವು. ತಾಯಿಯವರು ಒಂದೇ ಒಂದು ಭಾಷಣ ಮಾಡಿದವರಲ್ಲ.

ರಾತ್ರಿ ಮನೆಯವರೂ ಮಕ್ಕಳೂ ಒಳಗೆ ಮಲಗಿದರು. ನಾವು ಗಾಡಿಯನ್ನು ಕಾಯುವ ನೆಪದಿಂದ ಅದರ ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಮಲಗಿದೆವು. ನಿದ್ರೆ ಹತ್ತಲಿಲ್ಲ. ಒಂಬತ್ತು ಗಂಟೆಯಾಗಿರಬೇಕು, ಜೀಪೊಂದು ಬಂದು ಶೆಡ್ಡಿನ ಮುಂದೆ ನಿಂತಿತು. ಅದಕ್ಕೂ ಏನೋ ಕೆಟ್ಟಿತ್ತು. ಜೀಪಿನವರು ಕೂಗಿದರು, ಮಿಸ್ತ್ರಿಯವರು ಹೊರಗೆ ಬಂದರು. ತೆಲುಗಿನಲ್ಲಿ ಮಾತು ನಡೆಯಿತು. ಪೂರ್ತಿ ಅರ್ಥವಾಗದಿದ್ದರೂ, ಜೀಪಿನವರು ಬೀಗದ ಕಡೆಗೆ ಕೈ ತೋರಿಸಿದ್ದು, ಮಿಸ್ತ್ರಿಯವರು ನಮ್ಮ ಗಾಡಿಯತ್ತ ಒಮ್ಮೆ ನೋಡಿದ್ದು, ಆಮೇಲೆ ಇಲ್ಲವೆಂದು ತಲೆಯಾಡಿಸಿದ್ದು ಗಾಜಿನೊಳಗಿಂದ ಕಾಣಿಸಿತು. ಬೆಳಿಗ್ಗೆ ಬನ್ನಿ ಎಂದು ಹೇಳಿದರೆಂಬುದು ತಿಳಿಯಿತು. ಜೀಪಿನವರು ಗೊಣಗುತ್ತ ಮುಂದೆ ಹೋದರು.

ನಾವು ಎಚ್ಚರವಾಗಿಯೇ ಇದ್ದೆವು. ಎದ್ದು ಕೀಲಿ ಕೊಡಬಹುದಾಗಿತ್ತು. ಏಳಲಿಲ್ಲ. ಎದ್ದರೆ ನಮ್ಮ ಸಂಶಯವನ್ನು ಒಪ್ಪಿಕೊಂಡಂತೆ. ಸುಮ್ಮನಿದ್ದರೆ ನಿದ್ರೆ ಹೋಗಿದ್ದೆವೆನ್ನಬಹುದು. ಇದನ್ನು ಈಗ ಬರೆಯುವಾಗಲೂ ಲೇಖನಿ ತಡೆಯುತ್ತದೆ. ದುಡಿದು ತಿನ್ನುವವನೊಬ್ಬನ ಆ ರಾತ್ರಿಯ ಕೂಲಿಯನ್ನು ನಾವು ಜೇಬಿನಲ್ಲಿಟ್ಟುಕೊಂಡು ಮಲಗಿದ್ದೆವು.

ಬೆಳಿಗ್ಗೆ ಏಳು ಗಂಟೆಗೆ ಹುಡುಗ ಬಸ್ಸಿನಿಂದಿಳಿದ. ಚೀಲದಲ್ಲಿ ಹಳೆಯ ಪಂಪು, ಹೊಸ ಪಂಪು, ಪ್ಯಾಕಿಂಗ್ ಎಲ್ಲವೂ ಇದ್ದವು. ಅಂಗಡಿಯ ರಸೀದಿಯ ಹಿಂಬದಿಗೆ ಪೆನ್ಸಿಲ್ಲಿನಿಂದ ಲೆಕ್ಕ ಬರೆದಿದ್ದ: ಪಂಪಿಗೆ 560, ಪ್ಯಾಕಿಂಗಿಗೆ 10, ಬಸ್ಸಿಗೆ ಎರಡೂ ಕಡೆಯದು ಸೇರಿ 22. ಉಳಿದ 208 ರೂಪಾಯಿಯನ್ನು ನಮ್ಮ ಕೈಯಲ್ಲಿಟ್ಟ. ರಾತ್ರಿ ಎಲ್ಲಿ ಉಳಿದೆಯೆಂದು ಕೇಳಿದ್ದಕ್ಕೆ ಬಸ್ ನಿಲ್ದಾಣದಲ್ಲಿ ಎಂದ. ಊಟದ ಖರ್ಚನ್ನು ಬರೆದಿರಲಿಲ್ಲ. ಅಷ್ಟರಲ್ಲಿ ತಾಯಿಯವರು ಬಾಗಿಲಿಗೆ ಬಂದು ಒಂದೇ ಮಾತು ಕೇಳಿದರು: "ತಮ್ಮಾ, ಅವರ ಕೀಲಿ ಅವರಿಗೆ ಕೊಟ್ಟಿಯೇನು?"

ಜೇಬಿನಿಂದ ತೆಗೆದುಕೊಟ್ಟಾಗ ಆ ಕೀಲಿ ಬೆಚ್ಚಗಿತ್ತು. ಮಿಸ್ತ್ರಿಯವರು ತಲೆಬಾಗಿ ತೆಗೆದುಕೊಂಡು ತಮ್ಮ ಶೆಡ್ಡಿನ ಬಾಗಿಲನ್ನು ತೆರೆದರು.

ಅವರ ಕೆಲಸವನ್ನು ನಾವು ಪಕ್ಕದಲ್ಲಿ ನಿಂತು ನೋಡಿದೆವು. ಎಂಜಿನ್ನಿನ ಮೇಲೆ ಅಂಟಿದ್ದ ಹಳೆಯ ಪ್ಯಾಕಿಂಗನ್ನು ಚೂರೂ ಉಳಿಯದಂತೆ ಹೆರೆದು ತೆಗೆದರು. ಹೊಸದನ್ನು ಕೂರಿಸಿ, ಬೋಲ್ಟುಗಳನ್ನು ಒಂದೇ ಬದಿಗೆ ಬಿಗಿಯದೆ, ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯುತ್ತ ಬಂದರು. ಬೆಲ್ಟು ಹಾಕಿ, ಹೆಬ್ಬೆರಳಿನಿಂದ ಒತ್ತಿ ನೋಡಿದರು. ಅರ್ಧ ಅಂಗುಲ ತಗ್ಗಬೇಕು, ಹೆಚ್ಚು ಬಿಗಿಯಾದರೆ ಹೊಸ ಬೇರಿಂಗನ್ನೂ ತಿನ್ನುತ್ತದೆ, ಸಡಿಲಾದರೆ ಜಾರುತ್ತದೆ ಎಂದು ನಮ್ಮ ಮಗನಿಗೆ ವಿವರಿಸಿದರು. ಮುಚ್ಚಳ ತೆರೆದಿಟ್ಟೇ ನೀರು ತುಂಬಿ ಎಂಜಿನ್ ಚಾಲೂ ಮಾಡಿ, ಒಳಗಿನ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಬಂದ ಮೇಲೆ ಮತ್ತೆ ನೀರು ತುಂಬಿ ಮುಚ್ಚಿದರು. ಕೊನೆಗೆ ಹಳೆಯ ಪಂಪನ್ನು ತಿರುಗಿಸಿ ಅದರ ಹೊಟ್ಟೆಯ ಕೆಳಗಿದ್ದ ಒಂದು ಸಣ್ಣ ತೂತನ್ನು ತೋರಿಸಿದರು. "ಇದನ್ನು ಬೇಕೆಂದೇ ಇಟ್ಟಿರುತ್ತಾರೆ ಸಾರ್. ಒಳಗಿನ ಸೀಲು ಹೋದರೆ ನೀರು ಇಲ್ಲಿಂದ ಹನಿಯುತ್ತದೆ. ಮುಂಚೆಯೇ ತಿಳಿಯಲಿ ಎಂದು. ನೋಡಿ, ಎಷ್ಟು ತುಕ್ಕಿನ ಕಲೆ! ಇದು ಹದಿನೈದು ದಿನದಿಂದ ಹನಿಯುತ್ತಿದೆ. ನಿಮ್ಮ ಊರಿನಲ್ಲಿ ಯಾರೂ ಹೇಳಲಿಲ್ಲವೆ?"

ಹೇಳಿದ್ದರು, ನಾವೇ ಕೇಳಲಿಲ್ಲ ಎಂದು ಒಪ್ಪಿಕೊಂಡೆವು. ಮನೆಯವರು ನಮ್ಮ ಮುಖ ನೋಡಿದರು. ಮಿಸ್ತ್ರಿಯವರು ನಕ್ಕು, "ಊರಿಗೆ ಹೋದ ಮೇಲೆ ಅವರಿಗೆ ನನ್ನ ನಮಸ್ಕಾರ ಹೇಳಿ. ಕಿವಿಯಿಂದ ಕೇಳಿ ಗುರುತಿಸಿದ್ದಾರೆಂದರೆ ದೊಡ್ಡ ಕೆಲಸಗಾರರು" ಎಂದರು.

ಅವರು ಕೇಳಿದ ಕೂಲಿ 150 ರೂಪಾಯಿ. ಇನ್ನೂರೆಂಟನ್ನೂ ಹಾಗೆಯೇ ಅವರ ಕೈಗಿಡಲು ಹೋದೆವು; ನೂರೈವತ್ತನ್ನು ಎಣಿಸಿಕೊಂಡು ಉಳಿದುದನ್ನು ಹಿಂದಿರುಗಿಸಿದರು. ಹುಡುಗನ ಊಟಕ್ಕೆಂದು ಕೊಟ್ಟ ಇಪ್ಪತ್ತನ್ನು ಮಾತ್ರ ಅವನು ಗುರುವಿನ ಮುಖ ನೋಡಿ, ಅವರು ತಲೆಯಾಡಿಸಿದ ಮೇಲೆ ತೆಗೆದುಕೊಂಡ. ಜೀಪಿನ ಮಾತು ನಮ್ಮ ನಾಲಿಗೆಯ ತುದಿಯವರೆಗೆ ಬಂದಿತು. ಹೆಂಡತಿ ಮಕ್ಕಳ ಮುಂದೆ ಅದನ್ನು ಆಡಲು ಧೈರ್ಯ ಸಾಲಲಿಲ್ಲ. ಹಿಂದಿರುಗುವಾಗ ಇದೇ ಹಾದಿಯಲ್ಲವೆ, ಆಗ ಹೇಳೋಣ ಎಂದುಕೊಂಡೆವು.

ಹನ್ನೊಂದು ಗಂಟೆಗೆ ಹೊರಟು ಘಾಟ್ ಹತ್ತಿದೆವು. ಮುಳ್ಳು ನಡುವೆ ನಿಂತಿದ್ದುದು ಕದಲಲಿಲ್ಲ. ಶಿಖರೇಶ್ವರದಲ್ಲಿ ಗಾಡಿ ನಿಲ್ಲಿಸಿ ತಾಯಿಯವರನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿದೆವು. ಅಲ್ಲಿಂದ ಶ್ರೀಶೈಲದ ಶಿಖರವನ್ನು ಕಂಡವರಿಗೆ ಪುನರ್ಜನ್ಮವಿಲ್ಲವೆಂಬ ನಂಬಿಕೆಯಿದೆ. ತಾಯಿಯವರು ಬಹಳ ಹೊತ್ತು ಕೈಮುಗಿದು ನಿಂತು, "ಅಪ್ಪಾ, ನಾನೂ ಬಂದೆ" ಎಂದರು. ಅದು ಮಲ್ಲಯ್ಯನಿಗೆ ಹೇಳಿದ್ದೋ, ನಡೆದು ಬಂದಿದ್ದ ತಮ್ಮ ತಂದೆಗೆ ಹೇಳಿದ್ದೋ ನಾವು ಕೇಳಲಿಲ್ಲ.

ಮರುದಿನ ಹಿಂದಿರುಗುವಾಗ ದೋರ್ನಾಲದಲ್ಲಿ ನಿಂತೆವು. ಶೆಡ್ಡಿಗೆ ಬೀಗ ಹಾಕಿತ್ತು. ಮನೆಯವರೆಲ್ಲ ಯಾವುದೋ ಮದುವೆಗೆ ಹೋಗಿದ್ದಾರೆಂದು ಪಕ್ಕದ ಚಹದಂಗಡಿಯವರು ತಿಳಿಸಿದರು. ಪ್ರಸಾದದ ಪೊಟ್ಟಣವನ್ನು ಅವರಲ್ಲಿಯೇ ಕೊಟ್ಟು ಬಂದೆವು. ಹೇಳಬೇಕಾಗಿದ್ದ ಮಾತನ್ನು ಪೊಟ್ಟಣದಲ್ಲಿ ಕಟ್ಟಿಡಲು ಬರುವಂತಿರಲಿಲ್ಲ. ಮತ್ತೆ ಆ ಕಡೆಗೆ ಹೋಗುವ ಯೋಗ ಕೂಡಿಬಂದದ್ದು ಬಹಳ ವರ್ಷಗಳ ಮೇಲೆ. ಅಷ್ಟರಲ್ಲಿ ಆ ಶೆಡ್ಡು ಅಲ್ಲಿರಲಿಲ್ಲ.

ಒಂದು ಸಾಲವನ್ನಾದರೂ ತೀರಿಸಲು ಸಾಧ್ಯವಿತ್ತು. ಧಾರವಾಡಕ್ಕೆ ಬಂದ ಮರುದಿನವೇ ಹಳೆಯ ಪಂಪನ್ನು ತೆಗೆದುಕೊಂಡು ಓಣಿಯ ಮಿಸ್ತ್ರಿಯವರಲ್ಲಿ ಹೋಗಿ ನಡೆದುದನ್ನೆಲ್ಲ ಹೇಳಿ, ನಿಮ್ಮ ಮಾತು ಮೀರಿದ್ದು ತಪ್ಪಾಯಿತು ಎಂದೆವು. ದೋರ್ನಾಲದವರ ನಮಸ್ಕಾರವನ್ನೂ ಮುಟ್ಟಿಸಿದೆವು. ಅವರು ಪಂಪನ್ನು ಅಲ್ಲಾಡಿಸಿ ನೋಡಿ, "ಅವರು ಕೂರಿಸಿದ್ದನ್ನ ತೋರಸ್ರಿ" ಎಂದು ಬಾನೆಟ್ ತೆರೆಸಿ, ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ, "ಛಲೋ ಕೆಲಸಾ ಮಾಡ್ಯಾರ್ರೀ" ಎಂದರು. ಅಷ್ಟೇ.

ಅಂದಿನಿಂದ ಇಂದಿಗೆ ಗಾಡಿಗಳು ಬಹಳ ಬದಲಾಗಿವೆ. ರೇಡಿಯೇಟರಿಗೆ ಬರೀ ನೀರಿನ ಬದಲು ಕೂಲಂಟ್ ಬಂದಿದೆ. ಬಹುತೇಕ ಕಾರುಗಳಲ್ಲಿ ಫ್ಯಾನು ವಿದ್ಯುತ್ತಿನಿಂದ ತಿರುಗುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033ಕ್ಕೂ, ಆಪತ್ತಿನಲ್ಲಿ 112ಕ್ಕೂ ಕರೆ ಮಾಡಬಹುದು. ಆದರೆ ನಲ್ಲಮಲದಂತಹ ಕಾಡಿನಲ್ಲಿ ಫೋನಿನ ಸಂಪರ್ಕ ಎಲ್ಲೆಡೆ ಸಿಗುವುದಿಲ್ಲ. ಹುಲಿ ಸಂರಕ್ಷಿತ ಪ್ರದೇಶವಾದ್ದರಿಂದ ಶ್ರೀಶೈಲದ ಅರಣ್ಯ ರಸ್ತೆಯ ಗೇಟುಗಳನ್ನು ರಾತ್ರಿ ಹೊತ್ತು ಮುಚ್ಚುತ್ತಾರೆ. ಆದ್ದರಿಂದ ಯಾತ್ರೆಗೆ ಹೊರಡುವ ಬಂಧುಗಳು ಮುಂಚೆಯೇ ಬೆಲ್ಟು, ಹೋಸು, ಬ್ರೇಕು, ಟೈರುಗಳನ್ನು ಪರೀಕ್ಷಿಸಿಕೊಳ್ಳಲಿ. ಗಾಡಿ ನಿಂತ ಜಾಗದಲ್ಲಿ ಹನಿ ಕಂಡರೆ ಕಡೆಗಣಿಸದಿರಲಿ. ಮುಳ್ಳು ಕೆಂಪಿಗೆ ಹೋದರೆ ಆ ಕ್ಷಣವೇ ನಿಲ್ಲಿಸಿ, ಪೂರ್ತಿ ತಣಿಯುವತನಕ ಮುಚ್ಚಳ ಮುಟ್ಟದಿರಲಿ. ಎಲ್ಲಕ್ಕೂ ಮೊದಲು, ಕೆಲಸ ಬಲ್ಲವರು ಹೇಳಿದ ಮಾತನ್ನು ಸಂಶಯದ ಕಿವಿಯಿಂದ ಕೇಳದಿರಲಿ.

ತಾಯಿಯವರು 2004ರಲ್ಲಿ ಲಿಂಗೈಕ್ಯರಾದರು. ಶ್ರೀಶೈಲದ ಮಾತು ಬಂದಾಗಲೆಲ್ಲ ಅವರು ಗುಡಿಯ ಕಥೆಗಿಂತ ಮೊದಲು ರಂಗೋಲಿ ಹಾಕಿಕೊಟ್ಟ ಆ ತಾಯಿಯ ಕಥೆಯನ್ನೇ ಹೇಳುತ್ತಿದ್ದರು. ಕೀಲಿಯ ಸಂಗತಿಯನ್ನು ಒಮ್ಮೆಯೂ ಯಾರ ಮುಂದೆಯೂ ಎತ್ತಲಿಲ್ಲ. ಕಾಯಕದ ಹಿರಿಮೆಯನ್ನು ನಾವು ಶಾಲೆಯಲ್ಲಿ ವರ್ಷಗಟ್ಟಲೆ ಪಾಠ ಮಾಡಿದ್ದೇವೆ. ಈಗಲೂ ಗಾಡಿಯನ್ನು ರಿಪೇರಿಗೆ ಬಿಟ್ಟು, ಅದರ ಕೀಲಿಯನ್ನು ಮಿಸ್ತ್ರಿಯ ಕೈಗೆ ಕೊಡುವಾಗಲೆಲ್ಲ ನಮ್ಮ ಕೈ ಒಂದು ಕ್ಷಣ ಜೇಬಿನ ಮೇಲೆ ನಿಲ್ಲುತ್ತದೆ. ದೋರ್ನಾಲದ ಆ ಶೆಡ್ಡಿನ ಕೀಲಿ ಇನ್ನೂ ಅಲ್ಲಿಯೇ ಇದೆಯೇನೋ ಎಂಬಂತೆ.